ಹಿಂದಿನ ಸೀಟಿನ ಡ್ರೈವರ್

ಡ್ರೈವರಾಗಿ ಬದುಕಿದವನನ್ನು ಬೇರೊಬ್ಬರ ಗಾಡಿಯಲ್ಲಿ ಕೂರಿಸಿ ನೋಡಬೇಕು. ಕೂತಲ್ಲಿ ಕೂರುವುದಿಲ್ಲ. ಇಲ್ಲದ ಕ್ಲಚ್ಚು ಒತ್ತುತ್ತಾನೆ, ಇಲ್ಲದ ಬ್ರೇಕು ತುಳಿಯುತ್ತಾನೆ, ಇಳಿಯುವಾಗ "ಪರವಾಗಿಲ್ಲ, ಓಡಿಸ್ತೀಯ" ಎಂದು ದೊಡ್ಡ ಮನಸ್ಸು ಮಾಡುತ್ತಾನೆ. ನಮ್ಮ ಡ್ರೈವರಣ್ಣನಂತೂ ಆ ಕುಲಕ್ಕೇ ದೊರೆ. ಪಟ್ಟಣದಿಂದ ಬೆಟ್ಟದಾಚೆಯ ಊರಿಗೆ ಹೋಗಿ ಬರುವ ಬಸ್ಸನ್ನು ಇಪ್ಪತ್ತೈದು ವರ್ಷ ಓಡಿಸಿದವನು. ಒಂದು ಅಪಘಾತವಿಲ್ಲ, ಜನರ ಮಾತಿರಲಿ, ಒಂದು ಕೋಳಿಯೂ ಅವನ ಚಕ್ರಕ್ಕೆ ಸಿಕ್ಕಿರಲಿಲ್ಲ. ಅಂಥವನಿಗೆ ನಿವೃತ್ತಿಯಾದ ಮರುವರ್ಷವೇ ಕಣ್ಣು ಹೋಯಿತು.

ಕಣ್ಣಿನೊಳಗಿನ ಒತ್ತಡ ಏರುವ ಕಾಯಿಲೆ. ನೋವಿಲ್ಲ, ಕೆಂಪಿಲ್ಲ, ಸದ್ದಿಲ್ಲ. ನೋಟವನ್ನು ಅಂಚಿನಿಂದ ತಿನ್ನುತ್ತ ನಡುವಿಗೆ ಬರುತ್ತದೆ. ಗೊತ್ತಾಗುವ ಹೊತ್ತಿಗೆ ಅದರ ಊಟ ಮುಗಿದಿರುತ್ತದೆ. ಬೆಳಕು ಯಾವ ಕಡೆಯಿಂದ ಬರುತ್ತಿದೆ ಎಂಬುದಷ್ಟೇ ಡ್ರೈವರಣ್ಣನಿಗೆ ಉಳಿದದ್ದು. ನೋಡಲು ಬಂದವರು ಅಯ್ಯೋ ಪಾಪ ಎಂದರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. "ಅಯ್ಯೋ ಗಿಯ್ಯೋ ಬೇಡಿ. ಸ್ಟೇರಿಂಗ್ ಬಿಡೋವರೆಗೂ ಕಣ್ಣು ನನಗೆ ಕೈಕೊಡ್ಲಿಲ್ಲ. ಮನೆಗೆ ಬಂದ್ಮೇಲೆ ಹೋಯ್ತು, ಹೋಗ್ಲಿ" ಎನ್ನುತ್ತಿದ್ದ. ಈ ಒಂದು ಮಾತಿನ ಮೇಲೆ ಅವನು ನಿಂತಿದ್ದ. ಅದನ್ನು ಎಳೆದರೆ ಮನುಷ್ಯ ಕುಸಿದುಬೀಳುತ್ತಾನೆಂದು ಹೆಂಡತಿಗೆ ಗೊತ್ತಿದ್ದರಿಂದ ಅವಳೂ ಹೂಂಗುಡುತ್ತಿದ್ದಳು.

ಹೆಂಡತಿ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡವಳು. ಶಾಲೆಯ ಮಕ್ಕಳ ಅಂಗಿಗಳು, ಯಾರದೋ ಕಿಟಕಿಯ ಪರದೆಗಳು. ಅದೇ ಕೋಣೆಯ ಕಿಟಕಿಯ ಬಳಿ ಡ್ರೈವರಣ್ಣನ ಕುರ್ಚಿ. ಬೀದಿಯಲ್ಲಿ ಹೋಗುವ ಪ್ರತಿ ಗಾಡಿಯ ಸದ್ದಿಗೂ ಅವನಲ್ಲೊಂದು ತೀರ್ಪು ಸಿದ್ಧ. "ಎರಡನೇ ಗೇರಲ್ಲೇ ಎಳೀತಾ ಇದ್ದಾನೆ, ಕತ್ತೆ. ಮೂರಕ್ಕೆ ಹಾಕೋ!" ಒಂದು ದಿನ ಹೆಂಡತಿ ಯಂತ್ರ ನಿಲ್ಲಿಸಿ, "ರೀ, ಆ ಲಾರಿಯವನಿಗೆ ನಿಮ್ಮ ಮಾತು ಕೇಳಿಸಲ್ಲ. ನನಗೆ ಕೇಳಿಸುತ್ತೆ" ಎಂದಳು. ಮನೆಯಿಂದ ಹೊರಗೆ ಹೋಗುವುದನ್ನು ಅವನು ಬಿಟ್ಟೇಬಿಟ್ಟಿದ್ದ. ಹೆಂಡತಿಯ ತೋಳು ಹಿಡಿದು ನಡೆಯುವುದೆಂದರೆ ಗಾಡಿಯನ್ನು ಹಗ್ಗ ಕಟ್ಟಿ ಎಳೆಸಿಕೊಂಡು ಹೋದಂತೆ ಎಂಬುದು ಅವನ ಅಭಿಪ್ರಾಯ.

ಹೀಗಿರುವಾಗ ಚಿಲ್ಲರೆ ಬಂದ. ಚಿಲ್ಲರೆ ಎಂದರೆ ಅದೇ ಬಸ್ಸಿನ ಕಂಡಕ್ಟರ್. ಪ್ರಯಾಣಿಕರಿಗೆ ಬಾಕಿ ಚಿಲ್ಲರೆ ಕೊಡಲು ಪ್ರಾಣ ಹೋದಂತೆ ಆಡುತ್ತಿದ್ದವನಿಗೆ ದಾರಿಯ ಊರುಗಳೆಲ್ಲ ಸೇರಿ ಇಟ್ಟ ಹೆಸರು. ಮೊಣಕಾಲು ನೋವಿಗೆ ಸೈಕಲ್ ತುಳಿಯಿರಿ ಎಂದು ಯಾರೋ ಹೇಳಿದ್ದೇ ನೆಪ, ಅವನು ದೂರ ಸವಾರಿಯ ಕ್ಲಬ್ಬೊಂದನ್ನು ಸೇರಿಕೊಂಡಿದ್ದ. ಭಾನುವಾರ ಬೆಳಿಗ್ಗೆ ಹೊರಟು, ಐವತ್ತು ಅರವತ್ತು ಮೈಲಿ ಸುತ್ತಿ, ದಾರಿಯಲ್ಲಿ ಚಹಾ ಕುಡಿದು ಮನೆಗೆ ಬರುವುದೇ ಆ ಕ್ಲಬ್ಬಿನ ಕೆಲಸ. ಪಂದ್ಯವಿಲ್ಲ, ಬಹುಮಾನವಿಲ್ಲ. ಒಂದೇ ಕಟ್ಟುನಿಟ್ಟು: ಯಾರನ್ನೂ ಹಿಂದೆ ಬಿಟ್ಟು ಬರುವಂತಿಲ್ಲ. ಅದಕ್ಕೆಂದೇ ಸಾಲಿನ ತುದಿಯಲ್ಲಿ ಒಬ್ಬರು ಇರುತ್ತಾರೆ, ಅವರಿಗೆ 'ಬಾಲ' ಎಂದು ಹೆಸರು. ಆ ಕ್ಲಬ್ಬಿನಲ್ಲಿ ಬಾಲವಾಗಿದ್ದವರು ಅಧ್ಯಕ್ಷೆಯೇ, ಪಟ್ಟಣದ ಹಲ್ಲಿನ ಡಾಕ್ಟರಮ್ಮ.

"ಕ್ಲಬ್ಬಲ್ಲಿ ಒಂದು ಜೋಡಿ ಸೈಕಲ್ ಇದೆ ಅಣ್ಣ. ಒಂದೇ ಗಾಡಿ, ಇಬ್ಬರು ತುಳಿಯೋದು. ಮುಂದೆ ಕೂತೋನ ಕೈಲಿ ಹ್ಯಾಂಡಲ್ಲು, ಬ್ರೇಕು. ಹಿಂದೆ ಕೂತೋರು ತುಳಿದ್ರೆ ಸಾಕು" ಎಂದ ಚಿಲ್ಲರೆ.

"ಮುಂದೆ ಯಾರು?"

ಚಿಲ್ಲರೆ ಗಂಟಲು ಸರಿಮಾಡಿಕೊಂಡ. "ನಾನೇ."

"ಸೀಟಿ ಊದೋನು ಗಾಡಿ ಓಡಿಸೋದು, ನಾನು ಹಿಂದೆ ಕೂತು ಕಾಲಾಡಿಸೋದು! ಲೋಕ ಎಲ್ಲಿಗೆ ಬಂತು ನೋಡು."

"ಹೋಗಿ ಬನ್ನಿ" ಎಂದಳು ಹೆಂಡತಿ, ಬಾಯಲ್ಲಿ ಕಚ್ಚಿದ್ದ ದಾರ ತೆಗೆದು. "ನನಗೂ ಒಂದು ಭಾನುವಾರ ಬೇಕು."

ಆ ಮಾತು ನಾಟಿತು. ಅವಳ ಮೇಲಿನ ಸಿಟ್ಟಿಗೇ ಅವನು ಹೊರಟ.

ಆದರೆ ಪಟ್ಟಣ ದಾಟಿ, ಮನೆಗಳ ಗೋಡೆಗೆ ಬಡಿದು ಬರುವ ಸದ್ದುಗಳು ನಿಂತು, ಬಯಲು ಗಾಳಿ ಮುಖಕ್ಕೆ ಬಂದಾಗ ಅವನಿಗೆ ಸಿಟ್ಟು ಮರೆತೇಹೋಯಿತು. ವೇಗ! ಎರಡು ವರ್ಷದಿಂದ ಅವನ ಮೈಗೆ ವೇಗವೆಂಬುದೇ ಸೋಕಿರಲಿಲ್ಲ. ಮುಂದೆ ಹತ್ತೆಂಟು ಸೈಕಲ್ಲುಗಳ ಸರಪಳಿಯ ಸದ್ದು. ಮುಂದಿನವರು "ಗುಂಡಿ!" ಎಂದು ಕೂಗಿದರೆ ಅದು ಬಾಯಿಂದ ಬಾಯಿಗೆ ಸಾಲಿನ ತುದಿಯವರೆಗೆ ಬರುತ್ತಿತ್ತು, ಹಿಂದಿನಿಂದ ಡಾಕ್ಟರಮ್ಮ "ಗಾಡಿ!" ಎಂದರೆ ಅದು ಮುಂದಕ್ಕೆ ಹೋಗುತ್ತಿತ್ತು. ಅವನಿಗೆ ಖುಷಿಯಾಯಿತು. ಅಳುವಷ್ಟು ಖುಷಿಯಾಯಿತು, ಅತ್ತರೂ ಗಾಳಿಯ ಮೇಲೆ ಹಾಕಬಹುದಿತ್ತು. ಇನ್ನೆರಡು ತಿಂಗಳಿಗೆ ಕ್ಲಬ್ಬಿನ ದೊಡ್ಡ ಸವಾರಿ, ಬೆಟ್ಟ ದಾಟಿ ಸಮುದ್ರದವರೆಗೆ, ಎರಡು ದಿನ. ಅದಕ್ಕೆ ಹೋಗಲೇಬೇಕೆಂದು ಅವನು ಅಂದೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡ. ಆಸೆ ಎಂಬುದು ಆ ಮನೆಗೆ ಬಹಳ ದಿನದ ಮೇಲೆ ಬಂದಿತ್ತು.

ತೊಂದರೆ ಶುರುವಾದದ್ದು ಮುಂದಿನ ವಾರ, ಸವಾರಿ ಅವನ ಹಳೆಯ ಬಸ್ಸಿನ ದಾರಿ ಹಿಡಿದಾಗ. ಚಿಲ್ಲರೆ ಪಾಪ, "ಮುಂದೆ ಬಲಕ್ಕೆ ತಿರುವು ಅಣ್ಣ" ಎಂದ.

"ಬಾಯ್ಮುಚ್ಕೊಂಡು ಓಡ್ಸು. ನನ್ನ ರಸ್ತೆ ನನಗೇ ಹೇಳ್ಕೊಡ್ತೀಯಾ?"

ಚಿಲ್ಲರೆ ಬಾಯಿಗೆ ಬೀಗ ಹಾಕಿಕೊಂಡ. ಬಸ್ಸಿನಲ್ಲೂ ಅದೇ ಅಭ್ಯಾಸವಲ್ಲವೇ, ಓಡಿಸುವಾಗ ಮಾತಿಲ್ಲ. ಅಲ್ಲಿಂದಾಚೆಗೆ ಡ್ರೈವರಣ್ಣ ತನ್ನ ತಲೆಯೊಳಗಿನ ರಸ್ತೆಯ ಮೇಲೆ ಸವಾರಿ ಮಾಡಿದ. ಇಲ್ಲಿ ಏರು, ಇಲ್ಲಿ ಬಾವಿ, ಇಲ್ಲಿ ಶಾಲೆ, ಮಕ್ಕಳು ಅಡ್ಡ ಬರುತ್ತವೆ. ಎಲ್ಲಿ ನಿಧಾನಿಸಬೇಕೆಂದು ತಲೆ ಹೇಳಿತೋ ಅಲ್ಲಿ ಅವನ ಕಾಲು ಪೆಡಲನ್ನು ಬಿಗಿಹಿಡಿಯುತ್ತಿತ್ತು. ಜೋಡಿ ಸೈಕಲ್ಲಿನ ಎರಡೂ ಪೆಡಲಿಗೆ ಒಂದೇ ಸರಪಳಿ. ಹಿಂದಿನವನು ಹಿಡಿದರೆ ಮುಂದಿನವನ ಮೊಣಕಾಲಿಗೆ ಏಟು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆಗೆ ಚಕ್ರ ಜೋಡಿಸಿದ ಹಾಗಾಯಿತು. ಚಿಲ್ಲರೆ ಹಲ್ಲು ಕಚ್ಚಿ ತುಳಿದ.

ಹಳೆಯ ಗಿರಣಿಯ ಬಳಿ ಒಂದು ಕೆಟ್ಟ ತಿರುವು. ಡ್ರೈವರಣ್ಣ ಅಲ್ಲಿಗೆ ಬಂದದ್ದನ್ನು ಏರು ಮುಗಿದ ಲೆಕ್ಕದಲ್ಲಿ ತಿಳಿದು, ಪೆಡಲ್ ಹಿಡಿದು, ಮೈಯನ್ನು ಬಲಕ್ಕೆ ಎಸೆದ. ಆದರೆ ಗಿರಣಿಯನ್ನು ಕೆಡವಿ ರಸ್ತೆಯನ್ನು ನೆಟ್ಟಗೆ ಮಾಡಿ ವರ್ಷವಾಗಿತ್ತು. ತಿರುವೇ ಇರಲಿಲ್ಲ. ಸೈಕಲ್ ತೊನೆದು ಬಲಕ್ಕೆ ನುಗ್ಗಿತು, ಅವರ ಬೆನ್ನಿಗೇ ಬರುತ್ತಿದ್ದ ಡಾಕ್ಟರಮ್ಮ ಅವರ ಚಕ್ರಕ್ಕೆ ತಗುಲಿ ಬಿದ್ದರು. ಅಂಗೈಯ ಚರ್ಮ ಕಿತ್ತುಬಂತು. ಒಂದು ವಾರ ಪಟ್ಟಣದ ಹಲ್ಲುಗಳೆಲ್ಲ ಕ್ಷೇಮವಾಗಿ ಬಾಯಲ್ಲೇ ಉಳಿದವು.

ಡಾಕ್ಟರಮ್ಮ ಅಡ್ಡಗೋಡೆಯ ಮೇಲೆ ದೀಪ ಇಡುವವರಲ್ಲ. "ನನ್ನ ಕೈ ಸರಿಹೋಗುತ್ತೆ ಬಿಡಿ. ಆದ್ರೆ ನಿಮ್ಮ ಹಿಂದೆ ಇನ್ನೊಬ್ಬರನ್ನ ಬಿಡೋಕೆ ನನಗೆ ಧೈರ್ಯ ಇಲ್ಲ. ಮುಂದಿನ ಭಾನುವಾರ ಇದೇ ದಾರೀಲಿ, ಸಾಲಿನ ಕೊನೇಲಿ ಬನ್ನಿ, ನಾನು ದೂರದಲ್ಲಿ ಬರ್ತೀನಿ. ಬೆಟ್ಟ ಹತ್ತಿ ಇಳಿದು ಸರಿಯಾಗಿ ಬಂದ್ರೆ ಸಮುದ್ರಕ್ಕೆ ಹೋಗೋಣ. ಇಲ್ಲಾಂದ್ರೆ ಬೇಡ" ಎಂದರು.

ಆ ವಾರವೆಲ್ಲ ಡ್ರೈವರಣ್ಣ ಕಿಟಕಿಯಾಚೆಯ ಯಾವ ಲಾರಿಗೂ ಬೈಯಲಿಲ್ಲ. ಹೆಂಡತಿಗೆ ಅದೇ ಭಯವಾಯಿತು.

ಭಾನುವಾರ ಕಾಲನ್ನು ಹತೋಟಿಯಲ್ಲಿಡಲು ಅವನು ಬಹಳ ಪಾಡುಪಟ್ಟ. ಗಿರಣಿಯ ಬಳಿ ಉಸಿರು ಹಿಡಿದ, ಪೆಡಲ್ ಹಿಡಿಯಲಿಲ್ಲ. ಬೆಟ್ಟದ ಬುಡದ ಕಿರುಸೇತುವೆ ಹತ್ತಿರವಾದಾಗ ಮಾತ್ರ ತಡೆಯಲಾಗಲಿಲ್ಲ. ನೀರಿನ ಸದ್ದು ಕಿವಿಗೆ ಬಿದ್ದದ್ದೇ ಕಾಲು ಬಿಗಿಯಿತು.

"ಹಿಡೀಬೇಡಿ ಅಣ್ಣ" ಎಂದ ಚಿಲ್ಲರೆ, ಏದುಸಿರಿನಲ್ಲಿ ಬಾಯಿಯ ಬೀಗ ಮರೆತು. "ಸೇತುವೆ ಅಗಲ ಮಾಡಿದ್ದಾರೆ. ಎಡಗಡೆ ಆ ಕಲ್ಲು ಚಕ್ರಕ್ಕೆ ತಾಗೋ ಹಾಗೆ ನಿಂತಿತ್ತಲ್ಲ, ಅದನ್ನೂ ಕಿತ್ತುಹಾಕಿದ್ದಾರೆ."

"ಯಾವ ಕಲ್ಲು?"

ಚಿಲ್ಲರೆ ಇನ್ನಷ್ಟು ಜೋರಾಗಿ ತುಳಿದ.

"ಏಯ್, ಯಾವ ಕಲ್ಲು? ಈ ಸೇತುವೆ ಮೇಲೆ ಇಪ್ಪತ್ತೈದು ವರ್ಷ ಬಸ್ ದಾಟ್ಸಿದ್ದೀನಿ. ಎಡಗಡೆ ಕಲ್ಲೂ ಇಲ್ಲ, ಮಣ್ಣೂ ಇಲ್ಲ."

"ಇತ್ತು... ಕೊನೇ ವರ್ಷ ಹಾಕಿದ್ರು ಅಣ್ಣ. ಲಾರಿ ಗುದ್ದಿದ ಮೇಲೆ. ಆಳೆತ್ತರ ಇತ್ತು, ಬಿಳಿ ಸುಣ್ಣ ಬಳಿದಿದ್ರು."

"ನಿಲ್ಸು."

ಚಿಲ್ಲರೆ ಸೈಕಲ್ ನಿಲ್ಲಿಸಿದ. ಡ್ರೈವರಣ್ಣ ಇಳಿದು, ಕೈಯಾಡಿಸಿ, ಸೇತುವೆಯ ಕಟ್ಟೆ ಸಿಕ್ಕಲ್ಲಿ ಕೂತ. ಆಳೆತ್ತರದ ಬಿಳಿ ಕಲ್ಲು. ದಿನಕ್ಕೆ ನಾಲ್ಕು ಸಲ ಅದರ ಪಕ್ಕದಲ್ಲೇ ಹಾದುಹೋಗಿದ್ದಾನೆ. ಅವನ ತಲೆಯೊಳಗಿನ ರಸ್ತೆಯಲ್ಲಿ ಆ ಕಲ್ಲೇ ಇಲ್ಲ. ಡಿಪೋದ ತಪಾಸಣೆಯಲ್ಲಿ ಗೋಡೆಯ ಮೇಲಿನ ಅಕ್ಷರಗಳನ್ನು ಕೊನೆಯ ಸಾಲಿನವರೆಗೆ ಓದಿ ಬೀಗಿದ್ದ. ಆ ಅಕ್ಷರಗಳು ಎದುರಿಗಿದ್ದವು. ಈ ಕಲ್ಲು ಅಂಚಿನಲ್ಲಿತ್ತು.

"ಕಂಡಕ್ಟರಾಗಿ ನೀನು ಹಿಂದೆ ಟಿಕೆಟ್ ಹರೀತಿದ್ದೆ. ನಿನಗೆ ಹೇಗೆ ಗೊತ್ತು ಕಲ್ಲು?"

"ಕೊನೇ ವರ್ಷ ನಾನು ಮುಂದಿನ ಬಾಗಿಲಲ್ಲೇ ನಿಲ್ತಿದ್ದೆ ಅಣ್ಣ. ನೆನಪು ಮಾಡ್ಕೊಳ್ಳಿ."

ನೆನಪಾಯಿತು. ಗಾಳಿ ಬರುತ್ತದೆ ಎಂದು ಹೇಳಿಕೊಂಡು ಮುಂದಿನ ಬಾಗಿಲಲ್ಲಿ ನೇತಾಡುತ್ತಿದ್ದ, ಹೊತ್ತುಗೊತ್ತಿಲ್ಲದೆ ಬಾಗಿಲ ತಗಡಿಗೆ ಬಡಿಯುತ್ತಿದ್ದ. ಮದುವೆ ಮನೆ ಓಲಗವೇನೋ ಎಂದು ಬೈದಿದ್ದೆಷ್ಟು ಸಲ. ಬಾಯಿ ಬೈಯುತ್ತಿತ್ತು, ಕೈ ಮಾತ್ರ ಆ ಬಡಿತಕ್ಕೆ ಸ್ಟೇರಿಂಗನ್ನು ಬಲಕ್ಕೆ ಎಳೆಯುತ್ತಿತ್ತು.

"ಯಾಕೋ ಹೇಳ್ಲಿಲ್ಲ ನನಗೆ?"

"ಹೇಳಿದ್ರೆ ಕೇಳ್ತಿದ್ರಾ?"

"ಬಸ್ ತುಂಬ ಜನ ಇರ್ತಿದ್ರು ಕಣೋ. ಮಕ್ಕಳಿರ್ತಿದ್ವು."

"ಗೊತ್ತಣ್ಣ. ಅವರಿಗೆ ಟಿಕೆಟ್ ಕೊಟ್ಟೋನು ನಾನೇ." ಚಿಲ್ಲರೆಯ ಸ್ವರ ಸಣ್ಣದಾಯಿತು. "ಡಿಪೋಗೆ ಹೇಳ್ಬೇಕಿತ್ತು. ನಿಮ್ಮನ್ನ ಮೂಲೇಲಿ ಕೂರಿಸ್ತಾರೆ ಅಂತ ಹೇಳ್ಲಿಲ್ಲ. ಒಂದು ವರ್ಷ ತಳ್ಳಿದ್ರೆ ಆಯ್ತು ಅಂದ್ಕೊಂಡೆ. ತಪ್ಪೇ ಮಾಡಿದೆ. ಈಗಲೂ ಕನಸಲ್ಲಿ ತಗಡು ಬಡೀತಾ ಎದ್ದು ಕೂರ್ತೀನಿ."

ಮೊದಲು ಬಂದದ್ದು ನಾಚಿಕೆ. ಅದರ ಹಿಂದೆಯೇ ಹೆದರಿಕೆ: ಮುಗಿದುಹೋದ ಒಂದು ವರ್ಷದ ಹೆದರಿಕೆಯೆಲ್ಲ ಒಟ್ಟಿಗೆ ಬಂದು ಎದೆಯ ಮೇಲೆ ಕೂತಿತು. ಆಮೇಲೆ ಸಿಟ್ಟು ಬಂತು. ಡಿಪೋದ ಮೇಲೆ, ಕಣ್ಣು ನೋಡಿದ ಡಾಕ್ಟರ ಮೇಲೆ, ಈ ಚಿಲ್ಲರೆಯ ಮೇಲೆ ಹರಿದು, ಎಲ್ಲೂ ನಿಲ್ಲದೆ ತನ್ನ ಬಾಗಿಲಿಗೇ ಬಂದು ನಿಂತಿತು. ಹೇಳಿದ್ದರೆ ಕೇಳುತ್ತಿದ್ದೆನೇ? ಇಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದವನು ತಾನು. ಹೇಳಿದವನನ್ನು ಬಸ್ಸಿನಿಂದ ಇಳಿಸಿ, ಬೇರೆ ಕಂಡಕ್ಟರನ್ನು ಕೇಳಿ ಪಡೆದು, ಆ ಕಲ್ಲಿಗೆ ಗುದ್ದುತ್ತಿದ್ದೆ. ಅವನಿಗೆ ಇದು ಹಗಲಿನಷ್ಟು ಸ್ಪಷ್ಟವಾಗಿ ಕಂಡಿತು. ಒಂದು ವರ್ಷವೆಲ್ಲ ಬಸ್ಸು ಓಡಿಸಿದ್ದು ತಾನೊಬ್ಬನೇ ಅಲ್ಲ. ಅದು ತಿಳಿಯದೆ ದಿನಾ ಸಂಜೆ ಎದೆಯುಬ್ಬಿಸಿ ಮನೆಗೆ ಹೋಗಿದ್ದ.

ಡಾಕ್ಟರಮ್ಮ ಬಂದು ಸೈಕಲ್ ನಿಲ್ಲಿಸಿದರು. "ಏನು, ಪಂಕ್ಚರಾ?"

"ಗಾಡಿ ಚೆನ್ನಾಗಿದೆ ಡಾಕ್ಟ್ರಮ್ಮ" ಎಂದ ಡ್ರೈವರಣ್ಣ.

"ಹಾಗಾದ್ರೆ ಇಲ್ಲಿಂದಲೇ ವಾಪಸ್ಸೋ, ಮೇಲಕ್ಕೋ? ಯೋಚನೆ ಮಾಡಿ ಹೇಳಿ. ಹತ್ತಿದ್ರೆ ಆ ಕಡೆ ಇಳೀಲೇಬೇಕು. ಇಳಿಜಾರಲ್ಲಿ ನೀವು ಮೊನ್ನೆ ಥರ ವಾಲಿದ್ರೆ ಇವರ ಕೈಲಿ ನಿಲ್ಲಲ್ಲ."

ಪಕ್ಕದಲ್ಲಿ ಚಿಲ್ಲರೆಯ ಉಸಿರು ಕೇಳುತ್ತಿತ್ತು. ಮೊಣಕಾಲು ನೋಯುತ್ತಿದ್ದಿರಬೇಕು, ಕಾಲು ಬದಲಿಸಿ ಬದಲಿಸಿ ನಿಲ್ಲುತ್ತಿದ್ದ ಸದ್ದು.

"ಮೇಲಕ್ಕೆ" ಎಂದ ಡ್ರೈವರಣ್ಣ.

ಏರು ಉದ್ದವಿತ್ತು. ಇಬ್ಬರೂ ತುಳಿದರು, ಒಬ್ಬರು ಒತ್ತಿದಾಗ ಇನ್ನೊಬ್ಬರ ಕಾಲಿಗೂ ಅದು ತಿಳಿಯುತ್ತಿತ್ತು. ಬೆಟ್ಟದ ತಲೆಯಲ್ಲಿ ಗಾಳಿ ದಿಕ್ಕು ಬದಲಾಯಿಸಿತು. ಪೆಡಲ್ ಹಗುರವಾಯಿತು. ಈ ಇಳಿಜಾರಿನ ಮೊದಲ ತಿರುವು ಡ್ರೈವರಣ್ಣನಿಗೆ ಕೈಯ ಗೆರೆಯಷ್ಟು ಗೊತ್ತು. ತಲೆ ಆಗಲೇ ಅದನ್ನು ಹೇಳಲು ಶುರು ಮಾಡಿತ್ತು, ಕಾಲು ಬಿಗಿಯಲು ಕಾದಿತ್ತು.

"ಲೋ" ಎಂದ.

"ಏನಣ್ಣ?"

"ಮುಂದೆ ಏನಿದೆ?"

ಇಪ್ಪತ್ತು ವರ್ಷದ ಜೊತೆಯಲ್ಲಿ ಈ ಪ್ರಶ್ನೆಯನ್ನು ಅವನು ಒಮ್ಮೆಯೂ ಕೇಳಿರಲಿಲ್ಲ.

"ಎಡಕ್ಕೆ ತಿರುವು ಅಣ್ಣ" ಎಂದ ಚಿಲ್ಲರೆ. "ನೀವು ಅಂದ್ಕೊಂಡಷ್ಟು ಚೂಪಿಲ್ಲ ಈಗ. ಸ್ವಲ್ಪ ವಾಲಿದ್ರೆ ಸಾಕು."

ಡ್ರೈವರಣ್ಣ ಅವನು ಹೇಳಿದಷ್ಟೇ ವಾಲಿದ.