ಗುರುವಾರದ ಬಾಟಿಕ್ ಅಂಗಿ

ಬೆಳಕು ಇನ್ನೂ ಸರಿಯಾಗಿ ಮೂಡಿಲ್ಲ. ಮಸೀದಿಯಿಂದ ಹೊರಬಂದವರು ಲುಂಗಿ ಮೇಲೆತ್ತಿಕೊಂಡು ಮೊಣಕಾಲುದ್ದದ ನೀರಿನಲ್ಲಿ ಮನೆಗೆ ಮರಳುತ್ತಿದ್ದಾರೆ. ಅವರಿಗೆ ಎದುರಾಗಿ ಬು ಚಸ್ಮಿರಾ ಬರುತ್ತಾರೆ. ಒಂದು ಕೈಯಲ್ಲಿ ಚಪ್ಪಲಿ, ಇನ್ನೊಂದು ಕೈ ತಲೆಯ ಮೇಲಿನ ಪೊಟ್ಟಣಕ್ಕೆ ಆಸರೆ. ಪೊಟ್ಟಣಕ್ಕೆ ಎರಡು ಸುತ್ತು ಪ್ಲಾಸ್ಟಿಕ್ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ್ದಾರೆ. ಒಳಗಿರುವುದು ಇವತ್ತು ಕಚೇರಿಯಲ್ಲಿ ತೊಡಬೇಕಾದ ಬಾಟಿಕ್ ಅಂಗಿ.

“ಏನ್ ಯೂ ಚಸ್, ಇವತ್ತು ಗುರುವಾರಾನಾ?” ನೀರಿನಲ್ಲಿ ನಿಂತೇ ಒಬ್ಬರು ಕೇಳುತ್ತಾರೆ. ಓಣಿಯ ಕಿರಿಯರಿಗೆಲ್ಲ ಆಕೆ ಯೂ, ಅಂದರೆ ಅಕ್ಕ; ಮಿಕ್ಕವರಿಗೆ ಬು, ಅಂದರೆ ಅಮ್ಮ.

“ತಲೆ ಮೇಲೆ ಅಂಗಿ ಇದ್ರೆ ಗುರುವಾರ. ಬಾಕಿ ದಿನ ಬರೀ ಚಿಂತೆ ಹೊತ್ಕೊಂಡು ಬರ್ತೀನಿ.”

ಜಾವಾದ ಉತ್ತರ ಕರಾವಳಿಯ ಈ ಬಾಟಿಕ್ ಊರಿನಲ್ಲಿ ಕರಂಗ್‌ಲೊರ್ ವಾರ್ಡು ಕಡಲಿಗೆ ತೀರ ಹತ್ತಿರದ್ದು. ನೆಲ ವರ್ಷವರ್ಷವೂ ಕುಸಿಯುತ್ತಿದೆ. ಉಬ್ಬರದ ನೀರು ಮೊದಲು ಹುಣ್ಣಿಮೆ ಅಮಾವಾಸ್ಯೆಗೆ ಮಾತ್ರ ಬರುತ್ತಿತ್ತು, ಈಗ ಬಂದದ್ದು ಹೋಗುವುದೇ ಇಲ್ಲ. ವಾರ್ಡ್ ಕಚೇರಿಯ ನೆಲವನ್ನು ಎರಡು ಸಲ ಎತ್ತರಿಸಿದ್ದಾರೆ. ಬಾಗಿಲು ಅಷ್ಟೇ ಇರುವುದರಿಂದ ಎತ್ತರದವರು ತಲೆ ಬಗ್ಗಿಸಿ ಒಳಗೆ ಬರಬೇಕು. ಬು ಚಸ್ಮಿರಾ ಕುಳ್ಳಗಿದ್ದಾರೆ, ನೇರವಾಗಿಯೇ ಹೋಗುತ್ತಾರೆ. “ಈ ಕಚೇರಿಯಲ್ಲಿ ತಲೆ ಬಗ್ಗಿಸದೆ ಓಡಾಡೋಳು ನಾನೊಬ್ಳೇ” ಎಂದು ನಗುತ್ತಾರೆ.

ಕೀಲಿ ತೆಗೆದು ಮೊದಲು ಪಂಪು ಚಾಲೂ ಮಾಡುತ್ತಾರೆ. ರಾತ್ರಿ ನುಗ್ಗಿದ ನೀರನ್ನು ಉದ್ದ ಹಿಡಿಯ ರಬ್ಬರ್ ಪಟ್ಟಿಯಿಂದ ಹೊರಗೆ ತಳ್ಳುತ್ತಾರೆ. ಮೇಜಿನ ಮೇಲೆ ಪೇರಿಸಿದ್ದ ಕುರ್ಚಿಗಳನ್ನು ಇಳಿಸಿ, ಕಾಲಿನ ಉಪ್ಪು ಕೆಸರು ತೊಳೆದು, ಬಾಗಿಲ ಹಿಂದೆ ನಿಂತು ಅಂಗಿ ಬದಲಿಸುತ್ತಾರೆ. ಆಮೇಲೆ ಮೊಬೈಲನ್ನು ಮುಖದ ಮುಂದೆ ಹಿಡಿದು ಒಂದು ಫೋಟೊ. ಅದು ಹಾಜರಿ. ಆ ದಿನದ ಉಡುಪು ಸರಿಯಾಗಿ ಕಾಣದಿದ್ದರೆ ಹಾಜರಿ ಇಲ್ಲ.

ಅಂಗಿಯ ಮುಂಭಾಗ, ಬೆನ್ನು ಮಾತ್ರ ಬಾಟಿಕ್, ತೋಳುಗಳು ಸಾದಾ ಕಪ್ಪು. ಮಾಗಿದ ಕೆಂಪಿನ ಮೇಲೆ ಹೂಗೊಂಚಲು, ಗೊಂಚಲ ಪಕ್ಕ ಒಂದು ಹಕ್ಕಿ. ಉದ್ದ ಸ್ವಲ್ಪ ಕಡಿಮೆ, ಅದಕ್ಕೇ ಮತ್ತೆ ಮತ್ತೆ ಕೆಳಗೆ ಎಳೆದುಕೊಳ್ಳುತ್ತಿರುತ್ತಾರೆ.

ಹದಿನಾಲ್ಕು ವರ್ಷದಿಂದ ಅವರು ಇಲ್ಲಿ ಗುತ್ತಿಗೆ ನೌಕರರು. ನೆಲ ಒರೆಸುವುದು, ಚಹಾ ಕಾಸುವುದು, ಕಾಯಂ ನೌಕರರು ಬರುವ ತನಕ ಅರ್ಜಿಯ ಕಿಟಕಿಯಲ್ಲಿ ಕೂರುವುದು, ಅವರು ಬಂದ ಮೇಲೂ ಕೂರುವುದು. ಸಂಬಳ ಹೇಳಿಕೊಳ್ಳುವಂಥದ್ದಲ್ಲ. ಆದರೆ ಅದರ ಜೊತೆ ಮನೆಯವರಿಗೂ ನಡೆಯುವ ಆಸ್ಪತ್ರೆಯ ಕಾರ್ಡು ಇದೆ. ಗಂಡ ತುರ್ಯೊನೊ ಮೂವತ್ತು ವರ್ಷ ಬಣ್ಣದ ತೊಟ್ಟಿಯ ಮೇಲೆ ಬಗ್ಗಿ ಕೆಲಸ ಮಾಡಿದವರು. ಈಗ ಇಟ್ಟಿಗೆಗಳ ಮೇಲೆ ಎತ್ತರಿಸಿದ ಮಂಚದಲ್ಲಿ ಕೂತು ಉಸಿರೆಳೆದುಕೊಳ್ಳುತ್ತಾರೆ. ತಿಂಗಳಿಗೆ ಎರಡು ಸಲ ಆಸ್ಪತ್ರೆಗೆ ಹೋಗದಿದ್ದರೆ ಅದೂ ಆಗುವುದಿಲ್ಲ.

“ನನ್ನ ಉಸಿರು ಇವಳ ಅಂಗಿ ಮೇಲೆ ನಿಂತಿದೆ” ಎನ್ನುತ್ತಾರೆ ತುರ್ಯೊನೊ. ತಮಾಷೆಗೆಂದು ಹೇಳಿದರೂ ಮಾತು ಮುಗಿಯುವಷ್ಟರಲ್ಲಿ ಕೆಮ್ಮು ಬರುತ್ತದೆ.

ಮಾತು ನಿಜವೇ. ಕಳೆದ ವರ್ಷ ಮೇಲಿನಿಂದ ಆದೇಶ ಬಂತು: ಗುರುವಾರ ಎಲ್ಲರೂ ಊರಿನಲ್ಲಿ ಕೈಯಿಂದ ಬರೆದ ಬಾಟಿಕ್ಕನ್ನೇ ತೊಡಬೇಕು, ಕಾಯಂ ಇರಲಿ, ಗುತ್ತಿಗೆ ಇರಲಿ. ಪ್ರಿಂಟ್ ನಡೆಯದು. ಊರಿನ ಕಸುಬು ಉಳಿಯಲಿ ಎಂಬುದು ಉದ್ದೇಶ, ಅದನ್ನು ತಪ್ಪೆನ್ನಲಾಗದು. ತಪಾಸಣೆಗೆ ಬರುವವರು ಅಂಗಿಯ ಅಂಚು ಮಡಚಿ ನೋಡುತ್ತಾರೆ. ಮೇಣ ಎಳೆದು ಬಣ್ಣದಲ್ಲಿ ಅದ್ದಿದ ಬಟ್ಟೆಯಾದರೆ ಎರಡೂ ಬದಿ ಒಂದೇ ಬಣ್ಣ. ಪ್ರಿಂಟಾದರೆ ಹಿಂಬದಿ ಬಿಳಿಚಿಕೊಂಡಿರುತ್ತದೆ. ಮೂರು ಸಲ ಸಿಕ್ಕಿಬಿದ್ದ ಗುತ್ತಿಗೆಯವರಿಗೆ ಮುಂದಿನ ವರ್ಷ ಕೆಲಸವಿಲ್ಲ.

ಕೈಬರಹದ ಒಂದು ಬಾಟಿಕ್ ಕೊಳ್ಳಲು ಗುತ್ತಿಗೆಯವರ ಒಂದು ತಿಂಗಳ ಸಂಬಳ ಸಾಲದು. ಅದೇ ಕಚೇರಿಯ ಯುವಕ ಖಾಯ್ರೊನ್ ತನ್ನ ಭಾವನ ಜೊತೆ ಒಂದೇ ಅಂಗಿ ಹಂಚಿಕೊಂಡಿದ್ದಾನೆ. “ಬೆಳಿಗ್ಗೆ ನನ್ನ ಮೈಮೇಲೆ, ಮಧ್ಯಾಹ್ನದ ಪಾಳಿಗೆ ಭಾವನ ಮೈಮೇಲೆ. ಅಂಗಿಗೇ ಕೆಲಸ ಕೊಟ್ಬಿಟ್ರೆ ಸರಿಹೋಗಿತ್ತು, ನಮ್ಮಿಬ್ರಿಗಿಂತ ಹೆಚ್ಚು ದುಡಿಯುತ್ತೆ” ಎನ್ನುತ್ತಾನೆ. ಬು ಚಸ್ಮಿರಾ ಪಕ್ಕದ ಮನೆಯಿಂದ ಒಂದನ್ನು ಎರವಲು ತಂದಿದ್ದರು. ಹಿಂದಿರುಗಿಸುವಾಗ ಅಂಚಿನಲ್ಲಿ ಉಪ್ಪುನೀರಿನ ಬಿಳಿ ಕಲೆ ಉಳಿದಿತ್ತು. ಆಮೇಲೆ ಯಾರೂ ಕೊಡಲಿಲ್ಲ. ಪ್ರಿಂಟ್ ತೊಟ್ಟು ಎರಡು ಸಲ ಸಿಕ್ಕಿಬಿದ್ದರು.

ಮೂರನೆಯ ಸಲಕ್ಕೆ ಮೊದಲು ಅವರು ಅಮ್ಮನ ಪೆಟ್ಟಿಗೆ ತೆರೆದರು.

ಅವರ ಅಮ್ಮ ದುಲಿಮಾ ಮೇಣದ ಕೊಳವೆ ಹಿಡಿದು ಬಟ್ಟೆಯ ಮೇಲೆ ಗೆರೆ ಎಳೆಯುವ ಕೂಲಿಯಾಗಿದ್ದರು. ಎಂಟು ವರ್ಷದ ಹುಡುಗಿಯಾಗಿದ್ದಾಗ ಶುರು ಮಾಡಿ ಕಣ್ಣು ಮಂಜಾಗುವ ತನಕ ಎಳೆದರು. ಎಳೆದದ್ದೆಲ್ಲ ಧಣಿಯದು. ತನಗೆಂದು ಬರೆದುಕೊಂಡದ್ದು ಒಂದೇ ಉದ್ದನೆಯ ಬಟ್ಟೆ, ಧಣಿಯ ಕೆಲಸ ಮುಗಿಸಿ, ಮಿಕ್ಕ ಮೇಣದಲ್ಲಿ, ಅದೆಷ್ಟೋ ತಿಂಗಳು. ರಂಜಾನ್ ಹಬ್ಬಕ್ಕೆ ಮಾತ್ರ ಉಡುತ್ತಿದ್ದರು. ಸತ್ತಾಗ ಅವರನ್ನು ಮಲಗಿಸಿ ಮೇಲೆ ಹೊದಿಸಿದ್ದೂ ಅದನ್ನೇ. ಹಾಗೆ ಹೊದಿಸಿದ ಬಟ್ಟೆಯನ್ನು ಈ ಓಣಿಯಲ್ಲಿ ಅಂಟುವಾಳದ ನೀರಿನಲ್ಲಿ ಒಗೆದು, ನೆರಳಲ್ಲಿ ಒಣಗಿಸಿ, ಆ ಮನೆಯಲ್ಲಿ ಮುಂದೆ ಆಗುವ ಸಾವಿಗೆಂದು ಎತ್ತಿಡುತ್ತಾರೆ. ಅದಕ್ಕೆ ಕತ್ತರಿ ತಾಗಿಸುವುದಿಲ್ಲ.

“ತಾಗಿಸಿದೆ” ಎನ್ನುತ್ತಾರೆ ಬು ಚಸ್ಮಿರಾ. “ಅರ್ಧ ಮಾತ್ರ. ಇನ್ನರ್ಧ ನನಗೇ ಇರಲಿ ಅಂತ ಬಿಟ್ಟೆ. ನಾನು ಕುಳ್ಳಿ, ಸ್ವಲ್ಪ ಮುದುಡಿ ಮಲಗಿಸಿದ್ರೆ ಸಾಕಾಗುತ್ತೆ.”

ಕತ್ತರಿಸಿದ ದರ್ಜಿ ಪಾಕ್ ದಸುಕಿಗೆ (ಹಿರಿಯ ಗಂಡಸರೆಲ್ಲ ಇಲ್ಲಿ ಪಾಕ್) ಬಟ್ಟೆಯ ಕತೆ ಗೊತ್ತಿತ್ತು. ಕತ್ತರಿ ನೇರ ಹೋದರೆ ಹಕ್ಕಿಯ ಕುತ್ತಿಗೆಗೇ ಬೀಳುತ್ತಿತ್ತಂತೆ. ಎರಡು ಬೆರಳು ಸರಿಸಿ ಕತ್ತರಿಸಿದರು. ಅಂಗಿ ಗಿಡ್ಡವಾದದ್ದು ಅದಕ್ಕೆ.

ಕೆಲವು ತಿಂಗಳು ಎಲ್ಲ ಸರಿಯಿತ್ತು. ತಪಾಸಣೆಯವರು ಅಂಚು ಮಡಚಿ ನೋಡಿ, “ಇಂಥ ಕೈ ಈಗ ಎಲ್ಲಿ ಸಿಗುತ್ತೆ ಬು?” ಎಂದು ಹೊಗಳಿ ಹೋದರು. ಆಮೇಲೊಂದು ಗುರುವಾರ ಮ್ಬೊಕ್ ರಸ್ಮಿನಾ ಕಿಟಕಿಗೆ ಬಂದರು. ಮ್ಬೊಕ್ ಅಂದರೆ ಹಿರಿಯಮ್ಮ; ಓಣಿಯಲ್ಲಿ ತೀರಿಕೊಂಡ ಹೆಂಗಸರ ಮೈ ತೊಳೆಯುವ ಅಜ್ಜಿ. ಯಾರದೋ ಮರಣದ ಕಾಗದಕ್ಕೆ ಬಂದವರು ಅಂಗಿಯನ್ನೇ ನೋಡುತ್ತಾ ನಿಂತರು.

“ಇದೇನೇ ಹುಡುಗಿ? ಈ ಹಕ್ಕೀನ ನಾನು ಬಲ್ಲೆ. ನಿಮ್ಮಮ್ಮನ ಮೇಲೆ ಹೊದಿಸಿದ್ದು ಇದೇ ಅಲ್ವೇನೆ? ನನ್ನ ಕೈಯಾರೆ ಹೊದಿಸಿದ್ದು!”

ಸಾಲಿನಲ್ಲಿದ್ದವರಿಗೆಲ್ಲ ಕೇಳಿಸಿತು. ಬಸುರಿ ಮಗಳನ್ನು ಕರೆತಂದಿದ್ದ ತಾಯಿಯೊಬ್ಬಳು ಮಗಳ ಕೈ ಹಿಡಿದು ಪಕ್ಕದ ಸಾಲಿಗೆ ಹೋದಳು. ಮದುವೆಯ ಕಾಗದಕ್ಕೆ ಬಂದಿದ್ದ ಜೋಡಿ ನಾಳೆ ಬರುತ್ತೇವೆಂದಿತು.

ಅಂದಿನಿಂದ ಗುರುವಾರ ಹುಟ್ಟಿನ ಕಾಗದದವರು, ಮದುವೆಯವರು, ಹೊಸ ಅಂಗಡಿಯ ಪರವಾನಗಿಯವರು ಆ ಕಿಟಕಿಗೆ ಬರುವುದಿಲ್ಲ. ಪತ್ರಿಕೆಗೆ ಬರೆಯಲೆಂದು ನಾನು ಹೋದ ದಿನವೂ ಪಕ್ಕದ ಸಾಲು ಬಾಗಿಲಾಚೆ ನೀರಿನವರೆಗೆ ಬೆಳೆದಿದೆ. ಬು ಚಸ್ಮಿರಾ ಎದುರು ಒಬ್ಬರೂ ಇಲ್ಲ. ಬಹಳ ಹೊತ್ತಿನ ಮೇಲೆ ಒಬ್ಬ ಮುದುಕರು ನೇರ ಅಲ್ಲಿಗೇ ಬರುತ್ತಾರೆ. ಹೆಂಡತಿ ಮೊನ್ನೆ ಹೋದಳು ಎನ್ನುತ್ತಾರೆ.

“ಕೂತ್ಕೊಳ್ಳಿ ಪಾಕ್. ಇಲ್ಲಿ ಕಾಯೋ ಹಾಗಿಲ್ಲ” ಎನ್ನುತ್ತಾರೆ ಬು ಚಸ್ಮಿರಾ.

ವಾರ್ಡಿನ ಮುಖ್ಯಸ್ಥರನ್ನು ಇಲ್ಲಿ ಪಾಕ್ ಲುರಾ ಎನ್ನುತ್ತಾರೆ. ಅವರಿಗೂ ಬಿಸಿ ತುಪ್ಪ. “ಒಳಗೆ ಕೂತ್ಕೊಳ್ಳಿ ಅಂದ್ರೆ ಕಿಟಕೀಲಿ ಜನ ಇಲ್ಲ ಅಂತ ಮೇಲಿನೋರು ಕೇಳ್ತಾರೆ. ಬೇರೆ ಅಂಗಿ ಹಾಕಿ ಅಂದ್ರೆ ನಾನೇ ಆದೇಶ ಮುರಿದ ಹಾಗೆ. ನಿಜ ಹೇಳ್ಲಾ? ಈ ಕಚೇರೀಲಿ ಇರೋದ್ರಲ್ಲಿ ಒಳ್ಳೆ ಬಾಟಿಕ್ ಅವರದ್ದೇ.”

ಮಧ್ಯಾಹ್ನ ಮ್ಬೊಕ್ ರಸ್ಮಿನಾ ಬಾಳೆಲೆಯಲ್ಲಿ ಎಳೆ ಹಲಸಿನ ಪಲ್ಯ ಹಾಕಿದ ಅನ್ನ ಕಟ್ಟಿಕೊಂಡು ಬರುತ್ತಾರೆ. ಈಗ ಪ್ರತಿ ಗುರುವಾರವೂ ತರುತ್ತಾರೆ. “ನನ್ನ ಬಾಯಿ ಸೇದಿಹೋಗ್ಲಿ. ಹೆಣ ತೊಳ್ಯೋವಾಗ ಸುಮ್ಮನಿರ್ತೀನಿ, ಬದುಕಿರೋರ ಮುಂದೆ ಬಾಯಿ ನಿಲ್ಲಲ್ಲ” ಎಂದು ಗೊಣಗುತ್ತಾರೆ.

“ತಿನ್ನೋಕೆ ಬಿಡು ಮ್ಬೊಕ್. ನೀನು ಹೇಳದಿದ್ರೆ ನನಗೆ ಈ ಅನ್ನ ಎಲ್ಲಿ ಸಿಗ್ತಿತ್ತು?”

ಊಟ ಮುಗಿಯುವಷ್ಟರಲ್ಲಿ ನೀರು ಹೊಸ್ತಿಲು ದಾಟುತ್ತದೆ. ಕಡತಗಳ ಪೆಟ್ಟಿಗೆಗಳನ್ನು ಮೇಲಿನ ಅಟ್ಟಕ್ಕೆ ಏರಿಸಬೇಕು. ಅಂಗಿ ಬದಲಿಸಿಕೊಳ್ಳಲು ಹೊತ್ತಿಲ್ಲ. ಖಾಯ್ರೊನ್ ಕೆಳಗಿನಿಂದ ಕೊಡುತ್ತಾನೆ, ಮೇಜಿನ ಮೇಲೆ ನಿಂತ ಬು ಚಸ್ಮಿರಾ ಮೇಲಕ್ಕೆ ತಳ್ಳುತ್ತಾರೆ. ಮೂರನೆಯ ಪೆಟ್ಟಿಗೆಗೆ ಅವರ ಬೆನ್ನ ಕಡೆಯಿಂದ ಸದ್ದು ಬರುತ್ತದೆ. ಹೊಲಿಗೆ ಬಿಟ್ಟದ್ದಲ್ಲ, ಉಪ್ಪು ತಿಂದ ಬಟ್ಟೆಯೇ ಹೆಗಲಿನಿಂದ ನಡುವಿನವರೆಗೆ ಬಿಚ್ಚಿಕೊಂಡಿದೆ. ಖಾಯ್ರೊನ್ ತನ್ನ ಮಳೆ ಕೋಟನ್ನು ಅವರ ಬೆನ್ನಿಗೆ ಹಾಕುತ್ತಾನೆ. ಅವರು ಉಳಿದ ಪೆಟ್ಟಿಗೆಗಳನ್ನೂ ಏರಿಸಿಯೇ ಕೆಳಗಿಳಿಯುತ್ತಾರೆ.

ಮರುವಾರ, ಬುಧವಾರ ಸಂಜೆ, ಅವರ ಜೊತೆ ಪಾಕ್ ದಸುಕಿಯ ಅಂಗಡಿಗೆ ಹೋಗುತ್ತೇನೆ. ಇದೆಲ್ಲ ಪತ್ರಿಕೆಯಲ್ಲಿ ಬಂದರೆ ಅವರಿಗೆ ಇನ್ನಷ್ಟು ತೊಂದರೆಯಾದೀತೇ ಎಂಬ ಅಳುಕಿನಿಂದ ದಾರಿಯಲ್ಲಿ ಮತ್ತೊಮ್ಮೆ ಕೇಳುತ್ತೇನೆ. “ಬರೀರಿ. ಊರಿಗೆಲ್ಲ ಗೊತ್ತಿರೋದೇ. ಅಮ್ಮನ ಹೆಸರು ಮಾತ್ರ ಸರಿಯಾಗಿ ಬರೀರಿ. ಎಲ್ಲೂ ಬಂದಿಲ್ಲ ಅವಳ ಹೆಸರು.”

ಅಂಗಡಿಯೊಳಗೂ ನೀರಿದೆ. ಹೊಲಿಗೆ ಯಂತ್ರ ಮೇಜಿನ ಮೇಲೆ, ಪಾಕ್ ದಸುಕಿ ಅದರ ಪಕ್ಕ ಎತ್ತರದ ಸ್ಟೂಲಿನ ಮೇಲೆ. ಬು ಚಸ್ಮಿರಾ ಪೊಟ್ಟಣ ಬಿಚ್ಚಿ ಉಳಿದರ್ಧವನ್ನು ಹರಡುತ್ತಾರೆ. ಇಲ್ಲೂ ಹೂಗೊಂಚಲು, ಇಲ್ಲೂ ಒಂದು ಹಕ್ಕಿ. ಪೆಟ್ಟಿಗೆಯಲ್ಲೇ ಇದ್ದುದರಿಂದ ಕೆಂಪು ಇನ್ನೂ ಗಾಢವಾಗಿದೆ.

ದರ್ಜಿ ಕತ್ತರಿ ಮುಟ್ಟುವುದಿಲ್ಲ. “ಹರಿದಿದ್ದಕ್ಕೇ ಒಳಗಿಂದ ತೇಪೆ ಹಾಕ್ಲಾ ಬು?”

“ಹಾಕಿ ನೋಡಿದೆ. ಸೂಜಿ ಚುಚ್ಚಿದಲ್ಲೇ ಬಿಡ್ತಾ ಇದೆ.”

“ಇದನ್ನೂ ಕತ್ತರಿಸಿದ್ರೆ ನಿಮ್ಮ ಮೇಲೆ ಹೊದಿಸೋಕೆ ಏನಿರುತ್ತೆ?”

“ನಾಳೆ ಗುರುವಾರ, ಪಾಕ್. ನಾಡಿದ್ದು ನಮ್ಮನೆಯವರನ್ನ ಆಸ್ಪತ್ರೆಗೆ ಕರ್ಕೊಂಡು ಹೋಗಬೇಕು.”

ಪಾಕ್ ದಸುಕಿ ಸೀಮೆಸುಣ್ಣ ತೆಗೆದುಕೊಂಡು, ಹಕ್ಕಿಯನ್ನು ಬಳಸಿ ಗೆರೆ ಎಳೆಯತೊಡಗುತ್ತಾರೆ. ಬು ಚಸ್ಮಿರಾ ಬಟ್ಟೆ ಸರಿಯದಂತೆ ಎರಡೂ ಅಂಗೈ ಊರಿ ಹಿಡಿದಿದ್ದಾರೆ.

“ನನ್ನ ಮೇಲೆ ಪ್ರಿಂಟೇ ಹೊದಿಸ್ಲಿ ಬಿಡಿ” ಎನ್ನುತ್ತಾರೆ. “ಆವತ್ತು ಯಾರೂ ಅಂಚು ಮಡಚಿ ನೋಡೋಕೆ ಬರಲ್ಲ.”