ಬದುವಿನ ಮೇಲಿನ ಒಂದು ಸೊಪ್ಪು

ನಮ್ಮತ್ತೆಯ ಬಲಗೈ ಹೆಬ್ಬೆರಳಿನ ಉಗುರು ಸದಾ ಹಸಿರಾಗಿರುತ್ತಿತ್ತು. ಚಿಗುರು ಚಿವುಟಿ ಚಿವುಟಿ ಅಂಟಿದ ಬಣ್ಣ. ಹುಣಸೆಹಣ್ಣು ಹಚ್ಚಿ ಉಜ್ಜಿದರೂ ಹೋಗುತ್ತಿರಲಿಲ್ಲ. ಅವರು ಚೆನ್ನಾಗಿದ್ದ ಕೊನೆಯ ದಿನವೂ ಮಡಿಲ ತುಂಬ ಬೆರಕೆ ಸೊಪ್ಪು ಕಟ್ಟಿಕೊಂಡು ಹೊಲದಿಂದ ಬಂದರು, ನಡುಮನೆಯಲ್ಲಿ ಸುರಿದರು, ಸೆರಗಿನಿಂದ ಮುಖ ಒರೆಸಿಕೊಂಡು ನೀರು ಕೇಳಿದರು. ಮಾರನೆಯ ಬೆಳಿಗ್ಗೆ ಬಚ್ಚಲಲ್ಲಿ ಬಿದ್ದರು. ಕೋಲಾರದ ಆಸ್ಪತ್ರೆಯಲ್ಲಿ ಆರು ದಿನ ಇದ್ದರು. ನಿಂತ ಮಾತು ಮರಳಲಿಲ್ಲ, ಅವರೂ ಮರಳಲಿಲ್ಲ.

ಮೊದಲ ಮಳೆಗಳಾದ ಮೇಲೆ ನಮ್ಮ ಮಾಸ್ತಿ ಕಡೆ ಹೊಲದ ಬದುಗಳಲ್ಲಿ ತಾನಾಗಿ ಹುಟ್ಟುವ ಹತ್ತಾರು ಸೊಪ್ಪುಗಳನ್ನು ಬೆರೆಸಿ, ಬೇಯಿಸಿ ಮಸೆದು ಮಸ್ಸೊಪ್ಪಿನ ಸಾರು ಮಾಡುತ್ತಾರೆ. ಅಣ್ಣೆ, ಗಣಿಕೆ, ಗೋಣಿ, ಹೊನಗೊನೆ ನನಗೂ ಗೊತ್ತು. ಅತ್ತೆ ಮಾತ್ರ ಇನ್ನೊಂದನ್ನು ಸೇರಿಸುತ್ತಿದ್ದರು. ಕೆಂಪು ಕಾಂಡ, ಎಲೆಯ ಬೆನ್ನಿಗೆ ನವಿರು ರೋಮ. ಅವರ ತವರು ಆಂಧ್ರದ ಗಡಿಯ ರಾಯಲ್ಪಾಡಿನ ಹತ್ತಿರ. ಸೊಪ್ಪಿನ ಹೆಸರು ಕೇಳಿದರೆ, "ಮಾ ಊರಿ ಆಕು ಕಣಮ್ಮ, ನಮ್ಮೂರ ಎಲೆ. ಹೆಸರು ಕಟ್ಕೊಂಡು ಏನ್ ಮಾಡ್ತೀಯಾ, ತಿನ್ನು" ಎನ್ನುತ್ತಿದ್ದರು.

ಒಮ್ಮೆ ಗಣಿಕೆ ಸೊಪ್ಪು ಎಂದು ಹುಡುಕಿ, ಫೋನಿನಲ್ಲಿ ಮೊದಲು ಬಂದ ಚಿತ್ರ ತೋರಿಸಿದೆ. ಕಣ್ಣು ಕಿರಿದು ಮಾಡಿ ನೋಡಿದರು.

"ಇದು ಗಣಿಕೆ ಅಲ್ಲ, ಅದರ ದಾಯಾದಿ. ಗಣಿಕೆ ಹೊಟ್ಟೆ ತುಂಬುಸ್ತೈತೆ, ಇದು ಆಸ್ಪತ್ರೆ ದಾರಿ ತೋರುಸ್ತೈತೆ."

"ಇಲ್ಲಿ ಗಣಿಕೆ ಅಂತಾನೇ ಬರ್ದಿದಾರೆ ಅತ್ತೆ."

"ಬರ್ದೋನು ತಿಂದು ನೋಡಿದ್ನಾ? ನಿನ್ನ ಫೋನು ಒಂದು ದಿನಾನಾದ್ರೂ ಹೊಲಕ್ಕೆ ಬಂದೈತಾ?" ಎಂದು ನಕ್ಕರು. ಆಮೇಲೆ, "ನನ್ ಜೊತೆ ಬಾ, ಮುಟ್ಟಿ ಮೂಸಿ ಕಲ್ತ್ಕೋ" ಎಂದರು.

"ಬಿಸ್ಲು ಅತ್ತೆ. ಫೋನಲ್ಲಿ ಎಲ್ಲಾ ಸಿಗುತ್ತೆ ಬಿಡಿ" ಎಂದೆ. ಅವರು ಮತ್ತೆ ಕರೆಯಲಿಲ್ಲ.

ವರ್ಷದ ಕಾರ್ಯಕ್ಕೆ ಎಡೆ ಇಡುವಾಗ ಹೋದವರಿಗೆ ಇಷ್ಟವಾದದ್ದನ್ನು ಬಡಿಸಬೇಕು. ಅತ್ತೆಗೆಂದರೆ ಮಸ್ಸೊಪ್ಪೇ. ಬೆಳಿಗ್ಗೆಯೇ ಬದುವಿಗೆ ಹೋದೆ. ಕೆಂಪು ಕಾಂಡದ ಗಿಡ ಕಂಡಿತು. ಖುಷಿಯಲ್ಲಿ ಒಂದು ಹಿಡಿ ಕುಯ್ದು ಉಳಿದ ಸೊಪ್ಪಿನೊಳಗೆ ಹಾಕಿದೆ. ಆಮೇಲೆ ಅನುಮಾನ ಬಂತು. ಆ ಎಲೆಯನ್ನು ನಾನು ಅತ್ತೆ ಸುರಿದ ರಾಶಿಯಲ್ಲಿ ನೋಡಿದ್ದೆ, ಗಿಡದಲ್ಲಿ ನೋಡಿರಲಿಲ್ಲ.

ಚಿತ್ರ ತೆಗೆದು ಹುಡುಕಿದೆ. ಮೊದಲ ಪುಟ, ಇದು ಮಕ್ಕಳಿಗೆ ಬಹಳ ಒಳ್ಳೆಯದು ಎಂದಿತು. ಕೆಳಗೆ ಅದರದೇ ಪುಡಿ ಮಾರಾಟಕ್ಕಿತ್ತು. ಎರಡನೆಯದು ಬೇರೆಯೇ ಹೆಸರು ಕೊಟ್ಟಿತು. ಮೂರನೆಯದರಲ್ಲಿ ಮೊದಲ ಪುಟದ್ದೇ ಚಿತ್ರ, ಅದರಡಿ ವಿಷ, ಮುಟ್ಟಿದರೂ ಕೈ ತೊಳೆಯಿರಿ ಎಂದು. ಬದುವಿನ ಮೇಲೆ ನಿಂತು ಮತ್ತೆ ಮತ್ತೆ ಹುಡುಕಿದೆ. ಪ್ರತಿ ಸಲ ಭಯ ಹೆಚ್ಚಾಯಿತು.

ಮನೆಗೆ ಬಂದು ನಾದಿನಿಯನ್ನು ಕೇಳಿದೆ. "ನಂಗೇನ್ ಗೊತ್ತು ಅತ್ತಿಗೆ? ಅಮ್ಮ ಕುಯ್ತಿದ್ಲು, ನಾವು ತಿಂತಿದ್ವಿ" ಎಂದಳು. ನನ್ನ ಗಂಡ ಎಲೆ ಮೂಸಿ, "ಇದೇ ಇರ್ಬೇಕು" ಎಂದರು.

"ಇರ್ಬೇಕು ಅಂತ ಮಕ್ಕಳಿಗೆ ಬಡಿಸೋಕಾಗುತ್ತಾ?"

ಅವರು ಎಲೆಯನ್ನು ನನ್ನ ಕೈಗೇ ಕೊಟ್ಟರು.

ಮೊರದಲ್ಲಿ ಸೊಪ್ಪು ಹರಡಿ ಆ ಎಲೆಗಳನ್ನು ಒಂದೊಂದಾಗಿ ಆರಿಸಿ ತೆಗೆದೆ. ಮೂರು ಸಲ ನೋಡಿದೆ, ಸಾಲದೆ ನಾದಿನಿಯಿಂದಲೂ ನೋಡಿಸಿದೆ. ಎಡೆ ಇಟ್ಟು ಎಲ್ಲರೂ ಊಟಕ್ಕೆ ಕೂತಾಗಲೂ ಮಕ್ಕಳ ಮುಖವನ್ನೇ ನೋಡುತ್ತಿದ್ದೆ. ಚಿಕ್ಕ ಮಗಳು ಹೊಟ್ಟೆ ಹಿಡಿದುಕೊಂಡು ಬಾಗಿದಳು. ಸೌಟು ಬಿಟ್ಟು ಅವಳತ್ತ ಓಡಿದೆ. ಅವಳು ಅಣ್ಣನ ಮೂಗಿಗೆ ಸಾರು ಹತ್ತಿದ್ದು ಕಂಡು ನಗುತ್ತಿದ್ದಳು.

ನಾದಿನಿ ಮುದ್ದೆ ಮುರಿದು ಅದ್ದಿ ಬಾಯಿಗಿಟ್ಟಳು. "ಚೆನ್ನಾಗೈತೆ ಅತ್ತಿಗೆ. ಅಮ್ಮ ಮಾಡ್ತಿದ್ದಂಗೆ ಇಲ್ಲ, ಅಷ್ಟೆ."

ಆ ಗಿಡ ಈಗ ಹೂ ಬಿಟ್ಟಿದೆ. ಹೊಲಕ್ಕೆ ಹೋಗಿ ಬರುವಾಗ ನಿಂತು ನೋಡುತ್ತೇನೆ. ಅದು ತಿನ್ನುವ ಸೊಪ್ಪೋ ಅಲ್ಲವೋ ಎಂದು ಹೇಳುವವರು ನಮ್ಮ ಮನೆಯಲ್ಲಿ ಇಲ್ಲ.