ಶಂಕರಲಿಂಗನ ಅಮಾವಾಸ್ಯೆ ಸಹಿ

ಇಳಕಲ್ಲಿನ ಹತ್ತಿಮರದ ಓಣಿಯ ಶಂಕರಲಿಂಗ ಆಕಳಿಸಿದರೆ ಹುನಗುಂದದ ಬಸ್ಸು ಐದು ನಿಮಿಷ ತಡವಾಗಿ ಹೊರಡುತ್ತಿತ್ತು. ಆ ಆಕಳಿಕೆ ಡ್ರೈವರನಿಗೆ ಹತ್ತಿ, ಅವನಿಂದ ಕಂಡಕ್ಟರನಿಗೆ ಹತ್ತಿ, ಕಡೆಗೆ ಬಸ್ಸೇ ಬಾಯಿ ತೆರೆದು ನಿಲ್ಲುತ್ತಿತ್ತು ಎಂದು ಕಣ್ಣಾರೆ ಕಂಡವರು ಹೇಳುತ್ತಾರೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು. ಐವತ್ತೊಂಬತ್ತಕ್ಕೆ ಬಂದಿದ್ದ ಅವನ ದಣಿವು ನಿದ್ದೆ ಮಾಡಿದರೆ ಹೋಗುವಂಥದ್ದಲ್ಲ. ಬೆಳಿಗ್ಗೆ ಗಂಡನ ಮುಖ ನೋಡಿದ ಹೆಂಡತಿ ಸುನಂದಾ, ಇವರು ಕನಸಿನಲ್ಲಿ ಗ್ರಾನೈಟ್ ಖಣಿಗೆ ಹೋಗಿ ಕೂಲಿ ಮಾಡಿ ಬಂದಿದ್ದಾರೆ ಎಂದೇ ತಿಳಿಯುತ್ತಿದ್ದಳು.

ಇಪ್ಪತ್ತಾರು ವರ್ಷ ಅವನು ಕುಣಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತವನು. ಇಳಕಲ್ಲ ಸೀರೆಗೆ ಒಡಲಿನ ಹಾಸು, ಅಂದರೆ ಉದ್ದಕ್ಕೆ ಹಿಡಿದ ಎಳೆ, ಬೇರೆ, ಸೆರಗಿನ ಹಾಸು ಬೇರೆ. ಒಡಲಿನ ಪ್ರತಿಯೊಂದು ಎಳೆಯ ಕುಣಿಕೆಗೆ ಸೆರಗಿನ ಒಂದು ಎಳೆಯನ್ನು ಸಿಕ್ಕಿಸಿ ಎರಡನ್ನೂ ಒಂದು ಮಾಡಬೇಕು. ಅದಕ್ಕೆ ಕೊಂಡಿ ಹಾಕುವುದು ಎನ್ನುತ್ತಾರೆ. ಆ ಕೆಲಸದಲ್ಲಿ ಶಂಕರಲಿಂಗನ ಬೆರಳು ಎಷ್ಟು ಚುರುಕೆಂದರೆ, ಊಟಕ್ಕೆ ಕೂತಾಗ ಶಾವಿಗೆಗೂ ಕೊಂಡಿ ಹಾಕಿಬಿಡುತ್ತಿದ್ದ. ಆದರೆ ಕಣ್ಣು ಬೆರಳಿನಷ್ಟು ಗಟ್ಟಿಯಾಗಿರಲಿಲ್ಲ. ಅದು ಒಂದು ದಿನ ಇನ್ನು ತನ್ನಿಂದಾಗದು ಎಂದು ರಾಜೀನಾಮೆ ಕೊಟ್ಟಿತು. ದವಾಖಾನಿಯವರು ಕೊಟ್ಟ ಚಾಳೀಸಿನ ಗಾಜು ಅದೆಂಥ ದಪ್ಪವೆಂದರೆ, ಅದನ್ನು ಹಾಕಿಕೊಂಡು ಬಿಸಿಲಲ್ಲಿ ನಿಂತರೆ ಎದುರಿನವರ ಅಂಗಿಗೆ ತೂತು ಬೀಳುತ್ತಿತ್ತು.

ಓಣಿಯ ಕೈಮಗ್ಗ ನೇಕಾರರ ಸಂಘದವರು ಅವನನ್ನು ಮನೆಗೆ ಕಳಿಸಲಿಲ್ಲ. ಕಂಪ್ಯೂಟರ್ ಎಂದರೆ ಕೂತು ಮಾಡುವ ಕೆಲಸ, ಕೂರುವುದರಲ್ಲಿ ಇವನಷ್ಟು ಅನುಭವ ಊರಲ್ಲಿ ಯಾರಿಗೂ ಇಲ್ಲ ಎಂದು ತೀರ್ಮಾನಿಸಿ ಅದರ ಮುಂದೆ ಕೂರಿಸಿದರು. ಅವನು ಎಳೆ ಎಳೆಯಾಗಿ ಕಲಿತ. ಸೀರೆ ಮಾರಲು ಸಂಘಕ್ಕೊಂದು ವೆಬ್‌ಸೈಟ್ ಮಾಡಿದ. ಅದಕ್ಕೆ ಓಣಿಯ ಹೆಸರನ್ನೇ ಇಟ್ಟ. ಅಕ್ಷರ ಟೈಪ್ ಮಾಡಿದರೆ ಜಗತ್ತಿನ ಯಾವ ಮೂಲೆಯವನಿಗೂ ಹತ್ತಿಮರದ ಓಣಿಯ ಸೀರೆ ಕಾಣುತ್ತದೆ ಎಂಬುದು ಅವನ ಬದುಕಿನ ಒಂದೇ ಒಂದು ಜಂಬ. ಉಳಿದ ಜಂಬಕ್ಕೆಲ್ಲ ಅವನಲ್ಲಿ ತ್ರಾಣವಿರಲಿಲ್ಲ.

ಆ ಜಂಬಕ್ಕೆ ಪೆಟ್ಟು ಬಿದ್ದದ್ದು ಬಾದಾಮಿಯ ಕಡೆಯಿಂದ. ಅಲ್ಲಿ ಸಾಲಿಯಲ್ಲಿ ಕಲಿಸುವ ವಿದ್ಯಾ ಎಂಬ ಶಿಕ್ಷಕಿ ಒಂದು ಮಧ್ಯಾಹ್ನ ಎರಡು ಬಸ್ಸು ಬದಲಿಸಿ ಬಂದು, ನಿಮ್ಮ ವೆಬ್‌ಸೈಟಿನಿಂದ ತರಿಸಿದ್ದು ಎಂದು ಸಂಘದ ಮೇಜಿನ ಮೇಲೆ ಒಂದು ಸೀರೆ ಹರವಿದಳು. ದೂರದಿಂದ ಇಳಕಲ್ಲೇ. ಹತ್ತಿರ ಹೋದರೆ ನೈಲಾನು. ಅದನ್ನು ಉಟ್ಟು ಶಿವಯೋಗ ಮಂದಿರಕ್ಕೆ ಹೋದಾಗ ಸೀರೆಯೊಳಗಿನ ಕರೆಂಟಿಗೆ ತಲೆಗೂದಲೆಲ್ಲ ನಿಮಿರಿ ನಿಂತು, ಪಕ್ಕದಲ್ಲಿದ್ದ ಹೆಂಗಸು ಇವಳ ಮೈಮೇಲೆ ದೇವರು ಬಂತೆಂದು ಕೈಮುಗಿದಳಂತೆ.

ವಿದ್ಯಾ ತಪ್ಪು ಹೆಸರು ಟೈಪ್ ಮಾಡಿರಲಿಲ್ಲ. ಸಂಘದ ಹೆಸರನ್ನೇ ಅಕ್ಷರ ಬಿಡದೆ ಬರೆದಿದ್ದಳು. ಹೆಸರು ಕೇಳಿದಾಗ ವಿಳಾಸ ಹೇಳುವ ಕಂಪ್ಯೂಟರುಗಳು ಊರೂರಿಗಿರುತ್ತವೆ. ಅವಳಿಗೆ ಇಂಟರ್ನೆಟ್ ಕೊಡುವವನ ಕಂಪ್ಯೂಟರಿಗೆ ಯಾರೋ ಸುಳ್ಳು ವಿಳಾಸ ನುಂಗಿಸಿದ್ದರು. ಅದು ಇವಳನ್ನು ಕೈಹಿಡಿದು ಕಳ್ಳರ ಅಂಗಡಿಗೆ ಬಿಟ್ಟುಬಂದಿತ್ತು. ಇದೆಲ್ಲ ಶಂಕರಲಿಂಗನಿಗೆ ತಿಳಿದದ್ದು ಆಮೇಲೆ. ಆ ಹೊತ್ತು ಅವಳು ಅವನನ್ನು ಕೇಳಿದ್ದು ಒಂದೇ ಮಾತು.

"ಹೆಸರು ನಿಮ್ಮ ಓಣೀದ. ಈ ಸೀರಿ ಯಾವ ಓಣೀದರಿ?"

ಸಂಘದ ಕಾರ್ಯದರ್ಶಿ ಅನಿಲಕುಮಾರ ಕೆಟ್ಟವನಲ್ಲ, ಅವಸರದವನು. ಈ ತಲೆಬಿಸಿಯೇ ಬೇಡ, ನಮ್ಮ ಹೆಸರು ಕೈಬಿಟ್ಟು ಆನ್‌ಲೈನಿನ ದೊಡ್ಡ ಬಜಾರೊಂದಕ್ಕೆ ಸೇರಿಬಿಡೋಣ ಎಂದು ಆಡಳಿತ ಮಂಡಳಿಯ ಮುಂದೆ ಹೇಳಿದ. ಶಂಕರಲಿಂಗನನ್ನು ಪಕ್ಕಕ್ಕೆ ಕರೆದು ಸಮಾಧಾನವನ್ನೂ ಮಾಡಿದ.

"ಹೆಸರು ಇಟಗೊಂಡು ಏನ್ ಮಾಡೂದೈತಿ ಕಾಕಾ? ಅಲ್ಲಿ ನಮಗೊಂದು ನಂಬರ್ ಕೊಡ್ತಾರ. ಸಾಕಲ್ಲ."

"ನಂಬರ್ ಜೇಲಿನ್ಯಾಗೂ ಕೊಡ್ತಾರೋ ಅನಿಲಾ."

ಕಡೆಗೆ ಒಂದು ಒಪ್ಪಂದವಾಯಿತು. ಹೆಸರಿಗೆ ಸುಳ್ಳು ಅಂಟದ ಹಾಗೆ ಮಾಡುವ ಉಪಾಯವೊಂದಿದೆ ಎಂದು ಶಂಕರಲಿಂಗ ಓದಿದ್ದ. ಅದಕ್ಕೆ ಆರು ಅಮಾವಾಸ್ಯೆ ಗಡುವು. ಓಣಿಯಲ್ಲಿ ಅಮಾವಾಸ್ಯೆಗೆ ಮಗ್ಗ ನಿಲ್ಲುತ್ತದೆ. ಅಂದೇ ಸಂಘದ ಸಭೆ. ಆರನೆಯ ಅಮಾವಾಸ್ಯೆಯ ಸಭೆಯಲ್ಲಿ, ಅಷ್ಟೂ ದಿನ ದೂರಿಲ್ಲದಿದ್ದರೆ ಹೆಸರು ಉಳಿಯಬೇಕು, ಇಲ್ಲದಿದ್ದರೆ ಹೋಗಬೇಕು. ಹೆಸರು ಹೋದರೆ ಇಪ್ಪತ್ತಾರು ವರ್ಷದ ಮಗ್ಗ, ಹದಿನೈದು ವರ್ಷದ ಕುರ್ಚಿ ಎರಡೂ ಹೋದ ಹಾಗೆ ಎಂದು ಅವನ ಲೆಕ್ಕ. ಸುನಂದಾಳ ಲೆಕ್ಕ ಬೇರೆ. ಹೆಸರು ಉಳಿದರೂ ಸರಿ, ಹೋದರೂ ಸರಿ, ಆರನೆಯ ಅಮಾವಾಸ್ಯೆಗೆ ಕೆಲಸ ಬಿಟ್ಟು ಮನೆಗೆ ಬರಬೇಕು. ಅವನು ಅದಕ್ಕೂ ಹೂಂ ಎಂದಿದ್ದ. ಇಲ್ಲವೆನ್ನಲು ಎರಡು ಮಾತು ಹೆಚ್ಚು ಆಡಬೇಕಾಗುತ್ತಿತ್ತು.

ಆ ಉಪಾಯದ ಹೆಸರು ಡಿಎನ್‌ಎಸ್‌ಸೆಕ್. ಸಭೆಯ ನಡಾವಳಿ ಬರೆಯುತ್ತಿದ್ದ ಬಂಡೆಪ್ಪನಿಗೆ ಅದು ಕೇಳಿಸಿದ್ದು ಬೇರೆ ತರಹ. ಅವನು ದುಂಡಗಿನ ಅಕ್ಷರದಲ್ಲಿ, "ಸಂಘದ ಹೆಸರು ಕಾಯಲು ಶ್ರೀ ಡಿ. ಎನ್. ಶೇಖ್ ಇವರನ್ನು ನೇಮಿಸಿಕೊಳ್ಳಲು ಸರ್ವಾನುಮತದಿಂದ ಠರಾವಾಯಿತು" ಎಂದು ಬರೆದ. ಮರುದಿನದಿಂದ ಓಣಿಯವರು ಶೇಖ್ ಸಾಹೇಬರು ಎಂದಿನಿಂದ ಬರುತ್ತಾರೆ, ಉಳಿಯಲು ಖೋಲಿ ನೋಡಬೇಕೇ ಎಂದು ಕೇಳತೊಡಗಿದರು. ಚಹಾದಂಗಡಿಯ ಅಲ್ಲಾಸಾಬನಂತೂ ತನ್ನ ಬೀಗರ ಪೈಕಿ ಇರಬೇಕೆಂದು ವಿಚಾರಣೆಯನ್ನೂ ಶುರು ಮಾಡಿದ. ಶಂಕರಲಿಂಗ ಒಬ್ಬೊಬ್ಬರಿಗೂ ತಿಳಿಹೇಳಿ ದಣಿದು, ಕಡೆಗೆ ಶೇಖ್ ಸಾಹೇಬರು ಮುಂದಿನ ವಾರ ಬರುತ್ತಾರೆ ಎಂದು ಹೇಳುವುದನ್ನೇ ರೂಢಿ ಮಾಡಿಕೊಂಡ.

ಅವನಿಗೆ ಮಾತ್ರ ಅದು ಬೇಗ ಅರ್ಥವಾಗಿತ್ತು. ಸಂಘದ ಹೆಸರು, ಅದರ ಮುಂದೆ ಖರೆ ವಿಳಾಸ, ಅದರ ಕೆಳಗೆ ಸಂಘದ ಗುಟ್ಟಿನ ಕೀಲಿಯಿಂದ ಹಾಕಿದ ಸಹಿ. ಆ ಕೀಲಿ ನಮ್ಮದೇ ಎಂಬುದಕ್ಕೆ ಅದರ ಗುರುತಿನ ಅಕ್ಷರಸಾಲು, ಅಂದರೆ ಬೆರಳಚ್ಚು, ಮೇಲಿನ ದಫ್ತರದಲ್ಲಿ ಇರಬೇಕು. ಆ ದಫ್ತರದ ಬೆರಳಚ್ಚು ಅದಕ್ಕೂ ಮೇಲೆ. ಒಂದರ ಕುಣಿಕೆಯಲ್ಲಿ ಇನ್ನೊಂದು. ಓದುತ್ತ ಓದುತ್ತ, ಇದು ಕೊಂಡಿ ಹಾಕುವ ಕೆಲಸವೇ, ಎಂದು ಅವನು ಗಟ್ಟಿಯಾಗಿ ಅಂದದ್ದು ಆಚೆ ಮಗ್ಗದವರಿಗೂ ಕೇಳಿಸಿತು.

ಅರ್ಥವಾಗದಿದ್ದದ್ದು ವೆಬ್‌ಸೈಟಿನ ಹೆಸರನ್ನು ಸಂಘಕ್ಕೆ ಮಾರಿದ ಕಂಪನಿಯವರಿಗೆ. ಬೆರಳಚ್ಚನ್ನು ಮೇಲೆ ಮುಟ್ಟಿಸಬೇಕಾದವರು ಅವರು. ಫೋನ್ ಹಚ್ಚಿದರೆ ಮೊದಲು ಸಂಗೀತ. ಆ ಸಂಗೀತವನ್ನು ಹಾಸು ಮಾಡಿದ್ದರೆ ಇಳಕಲ್ಲಿನಿಂದ ಬಾಗಲಕೋಟೆಯವರೆಗೆ ಒಂದೇ ಸೀರೆ ನೇಯಬಹುದಿತ್ತು. ಸಂಗೀತ ಮುಗಿದ ಮೇಲೆ ಒಬ್ಬಳು, ಕಂಪ್ಯೂಟರ್ ಒಮ್ಮೆ ಬಂದ್ ಮಾಡಿ ಚಾಲೂ ಮಾಡಿರಿ ಎನ್ನುತ್ತಿದ್ದಳು. ಇನ್ನೊಬ್ಬ, ಬೆರಳಚ್ಚಿಗೆ ಆಧಾರ್ ಕೇಂದ್ರಕ್ಕೆ ಹೋಗಿರಿ ಎಂದ. ನಲವತ್ತೊಂದನೆಯ ಸಲ ಸಿಕ್ಕವನೊಬ್ಬ ಪುಣ್ಯಾತ್ಮ ಪೂರ್ತಿ ಕೇಳಿ, ಹೇಳಿರಿ ಬರೆದುಕೊಳ್ಳುತ್ತೇನೆ ಎಂದ. ಅರವತ್ನಾಲ್ಕು ಅಕ್ಷರ ಅಂಕಿಯ ಆ ಬೆರಳಚ್ಚನ್ನು ಶಂಕರಲಿಂಗ ಸೆರಗಿನ ಎಳೆ ಎಣಿಸುವ ಧಾಟಿಯಲ್ಲಿ ಓದಿದ. ಮೂರನೆಯ ದಿನ ಕೊಂಡಿ ಬಿದ್ದಿತ್ತು. ಬಾದಾಮಿಯಲ್ಲಿ ವಿದ್ಯಾ ಕೂಡ ಅವನ ಮಾತು ಕೇಳಿ, ಸಹಿ ನೋಡಿದ ಮೇಲೆಯೇ ವಿಳಾಸ ಹೇಳುವ ಬೇರೆ ಇಂಟರ್ನೆಟ್ಟಿಗೆ ಬದಲಾದಳು.

ಒಂದೇ ಒಂದು ಕಿರಿಕಿರಿ. ಸಹಿಗೆ ಆಯುಷ್ಯ ಮೂವತ್ತು ದಿನ. ಅಷ್ಟರೊಳಗೆ ಹೊಸದು ಹಾಕಬೇಕು. ಈ ಕೆಲಸ ತಾನೇ ಮಾಡಿಕೊಳ್ಳುವಂತೆ ಕಂಪ್ಯೂಟರಿಗೆ ಹೇಳಿಡಬಹುದಿತ್ತು. ಹಾಗೆಂದು ಎಲ್ಲ ಕಡೆ ಬರೆದೂ ಇತ್ತು. ಆದರೆ ಶಂಕರಲಿಂಗ ಕೈಮಗ್ಗದವನು. ಯಂತ್ರ ತಾನಾಗಿ ಹಾಕುವ ಸಹಿಗೂ ಪವರ್‌ಲೂಮಿನ ಸೀರೆಗೂ ಏನು ಫರಕು ಎಂದು ಅವನ ವಾದ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಇಪ್ಪತ್ತೊಂಬತ್ತೋ ಮೂವತ್ತೋ ದಿನ. ಅಂದು ಓಣಿಯಲ್ಲಿ ಮಗ್ಗ ಒರೆಸಿ, ಎಣ್ಣೆ ಬಿಟ್ಟು, ಕಾಯಿ ಒಡೆಯುವ ಹೊತ್ತಿಗೆ ಅವನು ಕಂಪ್ಯೂಟರಿಗೆ ಊದಿನಕಡ್ಡಿ ಬೆಳಗಿ ಹೊಸ ಸಹಿ ಹಾಕುತ್ತಿದ್ದ. ಐದು ಅಮಾವಾಸ್ಯೆ ಹೀಗೇ ಸುಸೂತ್ರವಾಗಿ ಕಳೆದವು.

ಆರನೆಯದು ಶುಕ್ರವಾರ ಬಂತು. ಹನ್ನೊಂದಕ್ಕೆ ಸಭೆ. ಒಂಬತ್ತಕ್ಕೆ ಅವನು ಊದಿನಕಡ್ಡಿ ಹುಡುಕುತ್ತಿದ್ದಾಗ ವಿದ್ಯಾಳ ಫೋನು. ಸಾಲಿಯ ನಾಲ್ಕು ಮಂದಿ ಶಿಕ್ಷಕಿಯರಿಗೆ ಸೀರೆ ತೋರಿಸಬೇಕೆಂದರೆ ನಿನ್ನೆಯಿಂದ ಸಂಘದ ಹೆಸರೇ ತೆರೆಯುತ್ತಿಲ್ಲವಂತೆ. ಶಂಕರಲಿಂಗ ತನ್ನ ಫೋನಿನಲ್ಲಿ ನೋಡಿದ, ಆರಾಮ ತೆರೆಯಿತು. ಸಂಘದ ಕಂಪ್ಯೂಟರಿನಲ್ಲೂ ತೆರೆಯಿತು. ನಿಮ್ಮ ಕಡೆಯೇ ಏನೋ ಬಿಗಡಾಯಿಸಿರಬೇಕು ಎಂದು ಹೇಳಹೊರಟವನಿಗೆ ಆಗ ಹೊಳೆಯಿತು. ಅವನ ಫೋನಿಗೂ ಸಂಘದ ಹಳೆಯ ತಂತಿಗೂ ಸಹಿ ನೋಡುವ ಚಟವಿಲ್ಲ. ನೋಡುವವರಿಗೆ ಮಾತ್ರ ತೆರೆಯುತ್ತಿಲ್ಲ.

ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು ಬೆರಳು ಮಡಚುತ್ತ ಎಣಿಸಿದ. ಹೋದ ತಿಂಗಳು ತಿಥಿ ಸಂಜೆಗೇ ಹಿಡಿಯುತ್ತದೆಂದು ಹಿರಿಯರು ಮಂಗಳವಾರವೇ ಮಗ್ಗ ನಿಲ್ಲಿಸಿದ್ದರು. ಈ ತಿಂಗಳು ಸೂರ್ಯೋದಯಕ್ಕೆ ತಿಥಿ ಇರುವುದೇ ಖರೆ ಅಮಾವಾಸ್ಯೆ ಎಂದು ಗುರುವಾರ ಬಿಟ್ಟು ಶುಕ್ರವಾರ ಹಿಡಿದಿದ್ದರು. ಮೂವತ್ತೊಂದು ದಿನ. ಅವನು ಇನ್ನೊಮ್ಮೆ ಎಣಿಸಿದ. ಎಷ್ಟು ಎಣಿಸಿದರೂ ಮೂವತ್ತೊಂದು. ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಅವನ ಸಹಿ ತೀರಿಹೋಗಿತ್ತು.

ಹೊಸ ಸಹಿ ಹಾಕಲು ಹತ್ತು ನಿಮಿಷ ಸಾಕಾಯಿತು. ಸ್ವಲ್ಪ ಹೊತ್ತಿಗೆ ಈಗ ತೆರೆಯಿತೆಂದು ವಿದ್ಯಾ ತಿಳಿಸಿದಳು. ಇನ್ನು ಊರಲ್ಲಿ ಯಾರಿಗೂ ಏನೂ ಗೊತ್ತಾಗುವಂತಿರಲಿಲ್ಲ.

ಸಭೆಯಲ್ಲಿ ಅನಿಲಕುಮಾರ ತನ್ನ ಫೋನನ್ನು ಎಲ್ಲರಿಗೂ ತೋರಿಸಿ, ಆರು ಅಮಾವಾಸ್ಯೆ ಕಳೆದವು, ಒಂದೂ ದೂರಿಲ್ಲ, ಕಾಕಾ ಗೆದ್ದರು ಎಂದು ಮನಸ್ಸು ಬಿಚ್ಚಿ ಹೇಳಿದ. ಚಪ್ಪಾಳೆ ಬಿತ್ತು. ಬಂಡೆಪ್ಪ ಹೆಸರು ಉಳಿಯಿತೆಂದು ಬರೆಯಲು ಪೆನ್ನಿನ ಟೊಪ್ಪಿಗೆ ತೆಗೆದ. ಶಂಕರಲಿಂಗ ಸುಮ್ಮನೆ ಕೂತಿದ್ದರೆ ಮುಗಿದಿತ್ತು. ಆದರೆ ಸುಳ್ಳು ಹೊರಲು ಮೈಯಲ್ಲಿ ಕಸುವು ಬೇಕು. ಅದು ಅವನಲ್ಲಿ ಉಳಿದಿರಲಿಲ್ಲ. ಮೊಣಕಾಲಿಗೆ ಕೈಯೂರಿ ಎದ್ದ.

"ದೂರು ಐತಿ. ನಿನ್ನೆ ಮುಂಜಾನಿಂದ ಹೆಸರು ಸತ್ತಿತ್ತು. ಅಮಾಸಿ ಲೆಕ್ಕ ಹಿಡದು ನಾನ ತಪ್ಪಿದ್ನಿ."

ಸಭೆ ಗಲಗಲ ಎಂದಿತು. ಹಾಕಿದ ಬೀಗ ಮನೆಯವರನ್ನೇ ಹೊರಗೆ ನಿಲ್ಲಿಸಿತಲ್ಲ ಎಂದೊಬ್ಬರು, ಶೇಖ್ ಸಾಹೇಬರು ರಜೆ ಮೇಲೆ ಹೋಗಿದ್ದರೇ ಎಂದೊಬ್ಬರು. ಕರಾರಿನ ಪ್ರಕಾರ ಹೆಸರು ಹೋಗಬೇಕು ಎಂದು ಅನಿಲಕುಮಾರ ನೆಲ ನೋಡುತ್ತ ಹೇಳಿದ. ಆಗ ಮುಂದಿನ ಸಾಲಿನಲ್ಲಿದ್ದ ಹಿರಿಯ ನೇಕಾರತಿ ಗುರುಲಿಂಗವ್ವ, ಬಾಗಿಲು ನಾವು ನಾವೇ ನೋಡಿದರೆ ಏನು ಬಂತು, ಹೊರಗೆ ನಿಂತವಳನ್ನು ಕೇಳಿರಿ ಎಂದಳು. ವಿದ್ಯಾಳಿಗೆ ಫೋನ್ ಹಚ್ಚಿ ಮೇಜಿನ ಮೇಲಿಟ್ಟರು. ಆದದ್ದನ್ನು ಗುರುಲಿಂಗವ್ವನೇ ತಿಳಿಸಿ, ಇನ್ನು ನಂಬಿಕೆ ಉಳಿದಿದೆಯೇ ಎಂದು ಕೇಳಿದಳು. ಸಾಲಿಯ ಮಕ್ಕಳ ಗದ್ದಲದ ನಡುವೆ ಅವಳ ದನಿ ಬಂತು.

"ಹಿಂದಕ ಬಾಗಲಾ ತೆರದಿತ್ತರಿ, ಒಳಗ ಕಳ್ಳ ಕುಂತಿದ್ದ," ಎಂದಳು ವಿದ್ಯಾ. "ನಿನ್ನೆ ಬಾಗಲಾ ತೆರೀಲಿಲ್ಲ. ಸಿಟ್ಟು ಬಂತು, ಖರೆ ಹೇಳ್ತೇನಿ. ಆದ್ರ ಮೋಸ ಆಗ್ಲಿಲ್ಲ. ಸಹಿ ಇಲ್ಲಂದ್ರ ತೆರೀದ ಬಾಗಲಾ ಇದ್ರ ನಾ ಅದನ್ನ ನಂಬತೇನಿ."

ಕೈ ಎತ್ತಿಸಿದರು. ಹೆಸರು ಉಳಿಯಲಿ ಎನ್ನುವವರೇ ಹೆಚ್ಚಾದರು. ಅನಿಲಕುಮಾರನ ಕೈಯೂ ಮೇಲಿತ್ತು. ಆದರೆ ಎರಡು ಷರತ್ತು ಬಿದ್ದವು. ಸಹಿ ಇನ್ನು ಮೇಲೆ ಯಂತ್ರವೇ ಹಾಕಬೇಕು, ವಾರಕ್ಕೊಮ್ಮೆ, ಪಂಚಾಂಗ ಕೇಳದೆ. ಇನ್ನೊಂದನ್ನು ಗುರುಲಿಂಗವ್ವ ಹಾಕಿದಳು. ಯಂತ್ರ ಹಾಕಿತೋ ಇಲ್ಲವೋ ಎಂದು ನೋಡಲು, ತಪ್ಪಿದರೆ ತಪ್ಪಿತೆಂದು ಎದ್ದು ನಿಂತು ಹೇಳುವ ಮನುಷ್ಯನೊಬ್ಬ ಬೇಕು, ಅದಕ್ಕೆ ಶಂಕರಲಿಂಗನೇ ಇರಬೇಕು. ಅದಕ್ಕೆ ಕೈ ಎತ್ತಿಸುವ ಮೊದಲೇ ಚಪ್ಪಾಳೆ ಬಿತ್ತು.

ಅವನು ಮಧ್ಯಾಹ್ನವೆಲ್ಲ ಕೂತು ಯಂತ್ರಕ್ಕೆ ಆ ಕೆಲಸ ಒಪ್ಪಿಸಿದ. ಅದು ಊದಿನಕಡ್ಡಿಯಿಲ್ಲದೆ ಎರಡು ಸೆಕೆಂಡಿನಲ್ಲಿ ಸಹಿ ಹಾಕಿ ಮುಂದಿನ ಶುಕ್ರವಾರ ಎಂದು ತೋರಿಸಿತು. ಇದಕ್ಕೆ ದಣಿವೇ ಇಲ್ಲವಲ್ಲ ಎಂದು ಅದನ್ನೇ ಸ್ವಲ್ಪ ಹೊತ್ತು ನೋಡಿದ. ಹೊಟ್ಟೆಕಿಚ್ಚುಪಡಲೂ ಬೇಜಾರಾಯಿತು.

ಮನೆಗೆ ಬಂದಾಗ ಸುನಂದಾ ಕಡುಬಿನ ಮೇಲೆ ತಟ್ಟೆ ಮುಚ್ಚಿಟ್ಟು ಕಾದಿದ್ದಳು. ಹೆಸರು ಉಳಿಯಿತೇ ಎಂದು ಕೇಳಿದಳು. ಉಳಿಯಿತು ಎಂದ.

"ಮತ್ತ ನೀವು? ಇವತ್ತಿಗೆ ಬಿಡತೇನಿ ಅಂದಿದ್ರಿ."

"ನಾನೂ ಉಳದೇನಿ," ಎಂದು ಹೇಳಿ ಶಂಕರಲಿಂಗ ಚಾಳೀಸು ತೆಗೆದಿಟ್ಟು ಗೋಡೆಗೆ ಒರಗಿದ. ಅವಳು ತುಪ್ಪ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಕೂತಲ್ಲೇ ನಿದ್ದೆ ಹೋಗಿದ್ದ. ಅವಳು ಅವನನ್ನು ಎಬ್ಬಿಸಲಿಲ್ಲ. ತುಪ್ಪದ ಗಿಂಡಿಯನ್ನು ಪಕ್ಕಕ್ಕಿಟ್ಟು, ತಟ್ಟೆಯನ್ನು ಮತ್ತೆ ಮುಚ್ಚಿದಳು.